ಕೆಂಪು ಗೆರೆಗಳ ಸೊಣ್ಣಮ್ಮ

ಸೊಣ್ಣಮ್ಮ ಬಾಯಿ ತೆರೆದರೆ ಪುಟ್ಟೇನಹಳ್ಳಿ ಕೆರೆಯ ಏರಿಯವರೆಗೆ ಕೇಳುತ್ತದೆ ಎಂದು ಆ ಬೀದಿಯವರು ಹೇಳುತ್ತಿದ್ದರು. ಮೂಲೆಯ ಸೈಟಿನಲ್ಲಿ ಅವಳ ಎರಡಂತಸ್ತಿನ ಮನೆ. ಮೇಲೆ ಬಾಡಿಗೆಯವರು, ಕೆಳಗೆ ಅವಳು ಮತ್ತು ಗಂಡ ರಾಮಯ್ಯ. ಅರಕೆರೆಯಿಂದ ಸೊಸೆಯಾಗಿ ಬಂದಾಗ ಅಲ್ಲಿ ಬೀದಿಯೇ ಇರಲಿಲ್ಲ. ಇದ್ದದ್ದು ಮಾವನ ರಾಗಿ ಹೊಲ, ಬದುವಿನ ಮೇಲೊಂದು ಹುಣಸೆ ಮರ. ಮಾವ ಹೊಲವನ್ನು ಸೈಟು ಮಾಡಿ ಮಾರಿದ. ಬೀದಿಯ ಇಪ್ಪತ್ನಾಲ್ಕು ಮನೆಗಳೂ ಅದೇ ಹೊಲದ ಮೇಲೆ ನಿಂತಿವೆ. ಕಾಗದದ ಪ್ರಕಾರ ಈಗ ಅವಳದು ಮೂಲೆ ಸೈಟು ಒಂದೇ. ಅವಳ ಮನಸ್ಸಿನ ಪ್ರಕಾರ ಉಳಿದವರೆಲ್ಲ ಹೊಲಕ್ಕೆ ನುಗ್ಗಿದ ದನಗಳು.

ಜಗಳಕ್ಕೆ ಅವಳು ಕಾರಣ ಹುಡುಕಿಕೊಂಡು ಹೋಗುತ್ತಿರಲಿಲ್ಲ, ಕಾರಣಗಳೇ ಗೇಟಿಗೆ ಬರುತ್ತಿದ್ದವು. ಎದುರು ಮನೆಯ ವಿಜಯಕುಮಾರ್ ಪೈಪು ಹಿಡಿದು ಕಾರು ತೊಳೆದರೆ ಕೊಚ್ಚೆ ಅವಳ ರಂಗೋಲಿಯ ಮೇಲೆ ಹರಿಯುತ್ತಿತ್ತು. ಪಕ್ಕದ ಮನೆಯ ಶಶಿಧರ್ ಸಾಕಿದ ನಾಯಿಗೆ ಅವಳ ಗೇಟಿನ ಕಂಬವೇ ಬೇಕು. ಒಮ್ಮೆ ಇಬ್ಬರ ಕಾರುಗಳೂ ಅವಳ ಗೇಟಿಗೆ ಅಡ್ಡ ನಿಂತಿದ್ದಾಗ ಸೊಣ್ಣಮ್ಮ ಬಕೆಟ್ ತುಂಬ ಸಗಣಿ ನೀರು ಕಲಸಿ ಎರಡರ ಮೇಲೂ ಹುಯ್ದಳು. ಅಲ್ಲಿಯವರೆಗೆ ಒಬ್ಬರಿಗೊಬ್ಬರು ತಲೆಯಾಡಿಸುವುದಷ್ಟೇ ಗೊತ್ತಿದ್ದ ವಿಜಯಕುಮಾರ್ ಮತ್ತು ಶಶಿಧರ್ ಅವತ್ತು ಒಂದೇ ಸ್ಕೂಟರಿನಲ್ಲಿ ಪೊಲೀಸ್ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟು, ಬರುವಾಗ ದರ್ಶಿನಿಯಲ್ಲಿ ಒಟ್ಟಿಗೆ ದೋಸೆ ತಿಂದು ಬಂದರು. ಆಮೇಲೆ ಇಬ್ಬರ ಮನೆಯವರೂ ಹಬ್ಬಕ್ಕೆ ಒಬ್ಬರನ್ನೊಬ್ಬರು ಕರೆಯತೊಡಗಿದರು. ಗೇಟಿನ ಮುಂದಿನ ಆ ಜಾಗದಲ್ಲಿ ಮಾತ್ರ ಮತ್ತೆ ಯಾರೂ ಗಾಡಿ ನಿಲ್ಲಿಸಲಿಲ್ಲ.

ಇಂಥ ಬೀದಿಗೆ ಶಾಲಿನಿ ಬಂದಳು. ತಿಲಕ್ ನಗರದ ಹುಡುಗಿ, ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಒಂದು ಬೀದಿಯ ಜನ ಯಾರು ಯಾರ ಜೊತೆ ಹೇಗೆ ಸೇರಿಕೊಂಡಿದ್ದಾರೆ ಎಂದು ಅಳೆದು ಚಿತ್ರ ಬರೆಯುವುದು ಅವಳ ಕೆಲಸ. ಬ್ಯಾಗು ಹಾಕಿಕೊಂಡು ಮನೆ ಮನೆ ಬೆಲ್ ಒತ್ತಿದಳು. "ಸೇಲ್ಸಾ? ಬೇಡಮ್ಮ" ಎಂದರು, ನಾಯಿ ಬಿಟ್ಟರು, ಕಿಟಕಿಯ ಪರದೆ ಎಳೆದರು. ಕೊನೆಗೆ ಮೂಲೆ ಮನೆಯ ಗೇಟಿನೊಳಗಿಂದ ಗದರಿಕೆ ಬಂತು.

"ಏಯ್, ಯಾರ್ ಬೇಕು ನಿಂಗೆ? ಆವಾಗಿಂದ ನೋಡ್ತಾ ಇದೀನಿ, ಮೇಲಕ್ಕೊಂದ್ಸಲ ಕೆಳಕ್ಕೊಂದ್ಸಲ!"

ಶಾಲಿನಿ ವಿಷಯ ಹೇಳಿದಳು. ಸೊಣ್ಣಮ್ಮ ಜಗಲಿಯ ಮೇಲೆ ಕೂರಿಸಿಕೊಂಡು ತನ್ನ ಪ್ರಶ್ನೆಗಳನ್ನು ಮೊದಲು ಮುಗಿಸಿದಳು. ಯಾವೂರು, ಅಪ್ಪ ಏನ್ಮಾಡ್ತಾನೆ, ಯಾರ ಪೈಕಿ?

"ಬೌದ್ಧರು, ಆಂಟಿ."

"ಹಂಗಂದ್ರೆ?"

"ನಮ್ಮಪ್ಪ ಹನುಮಯ್ಯ ಅಂತ. ಬಸ್ ಡಿಪೋಲಿ ಮೆಕ್ಯಾನಿಕ್ಕು. ತಾತನ ಕಾಲದಿಂದ ತಿಲಕ್ ನಗರದಲ್ಲೇ ಇದೀವಿ."

ಸೊಣ್ಣಮ್ಮನಿಗೆ ಅರ್ಥವಾಯಿತು. ಒಳಗೆ ಹೋಗಿ ಕಾಫಿ ತಂದಳು. ತನಗೆ ಸ್ಟೀಲ್ ಲೋಟದಲ್ಲಿ, ಶಾಲಿನಿಗೆ ಪೇಪರ್ ಕಪ್ಪಿನಲ್ಲಿ. ಶಾಲಿನಿ ಕಪ್ಪನ್ನು ನೋಡಿದಳು, ಕುಡಿದಳು. ಬೀದಿಯಲ್ಲಿ ತೆರೆದ ಗೇಟು ಇದೊಂದೇ.

"ಈಗ ಹೇಳು, ಅದೇನ್ ಅಳೀತೀಯಾ? ಟೇಪ್ ಎಲ್ಲಿ?"

"ಟೇಪ್ ಬೇಡ ಆಂಟಿ. ಒಂದೊಂದು ಮನೆಗೂ ಒಂದೊಂದು ಚುಕ್ಕಿ ಇಡ್ತೀನಿ. ನೀವು ಯಾರ ಹೆಸರು ಹೇಳ್ತೀರೋ ಆ ಮನೆ ಕಡೆಗೆ ಒಂದು ಗೆರೆ ಎಳೀತೀನಿ. ಗೆರೆಗೆ ಬಾಣದ ಥರ ಮೂತಿ ಇರತ್ತೆ, ಯಾರಿಂದ ಯಾರಿಗೆ ಅಂತ ಗೊತ್ತಾಗಕ್ಕೆ. ಜಾಸ್ತಿ ಬಾಣ ಬಂದು ಬಿದ್ದ ಚುಕ್ಕಿ ದೊಡ್ಡದಾಗತ್ತೆ."

"ರಂಗೋಲಿ ಅನ್ನು. ಸರಿ, ಕೇಳು."

ಎರಡೇ ಪ್ರಶ್ನೆ, ಕೆಲವು ತಿಂಗಳ ಮೇಲೆ ಇವನ್ನೇ ಇನ್ನೊಂದು ಸುತ್ತು ಕೇಳುವುದಿತ್ತು. ಬೀದಿಯಲ್ಲಿ ದಿನಾ ಯಾರ ಜೊತೆ ಮಾತಾಡ್ತೀರಿ? ಯಾರ ಜೊತೆ ಮಾತೇ ಬೇಡ ಅನ್ನಿಸುತ್ತೆ? ಎರಡನೆಯದಕ್ಕೆ ಸೊಣ್ಣಮ್ಮ ಯಾರ ಹೆಸರನ್ನೂ ಹೇಳಲಿಲ್ಲ.

"ಎಲ್ಲಾರ ಹತ್ರಾನೂ ಮಾತಾಡ್ತೀನಿ ನಾನು. ಬೈಯೋದೇನು ಮಾತಲ್ವಾ?"

ಮಾರನೆಯ ದಿನದಿಂದ ಅವಳೇ ಶಾಲಿನಿಯನ್ನು ಬೀದಿಗೆಲ್ಲ ಕರೆದುಕೊಂಡು ಹೋದಳು. ಗೇಟು ಬಡಿದು, "ಈ ಮಗಾ ಏನೋ ಓದ್ತೈತೆ, ಕೇಳಿದ್ದಕ್ಕೆ ಉತ್ತರ ಹೇಳಿ ಕಳ್ಸಿ" ಎಂದು ಅಪ್ಪಣೆ ಮಾಡಿ, ತಾನು ಹೊರಗೆ ಬಿಸಿಲಲ್ಲಿ ನಿಲ್ಲುತ್ತಿದ್ದಳು. ಅವಳ ಬಾಯಿಗೆ ಹೆದರಿ ಜನ ಬಾಗಿಲು ತೆಗೆದರು. ಒಳಗೆ, ಸೋಫಾದ ಮೇಲೆ ಕೂತು, ದನಿ ತಗ್ಗಿಸಿ ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟರು.

ವಿಜಯಕುಮಾರ್ ಬೀದಿಯ ನಿವಾಸಿಗಳ ಸಂಘದ ಅಧ್ಯಕ್ಷ. ಸರ್ಕಾರಿ ಕಾರ್ಖಾನೆಯಲ್ಲಿ ಮ್ಯಾನೇಜರಾಗಿ ನಿವೃತ್ತನಾದವನು. ದಿನಾ ಬೆಳಿಗ್ಗೆ ಎಲ್ಲರ ಫೋನಿಗೂ ಶುಭೋದಯ ಮತ್ತು ಕಸದ ಲಾರಿಯ ಸಮಯ ಕಳಿಸುತ್ತಿದ್ದ. ಅವನು ಶಾಲಿನಿಗೆ ಒಂದು ಷರತ್ತು ಹಾಕಿದ.

"ನೋಡಿ ಮೇಡಂ, ನಮ್ಮ ಬೀದೀಲಿ ಸರ್ವೆ ಮಾಡಿದೀರಿ. ರಿಸಲ್ಟ್ ನಮಗೂ ತೋರಿಸ್ಬೇಕು. ಭಾನುವಾರ ಪಾರ್ಕ್ ಪಕ್ಕದ ರೂಮಲ್ಲಿ ಮೀಟಿಂಗ್ ಇದೆ. ಇಲ್ಲಾ ಅಂದ್ರೆ ಎರಡನೇ ರೌಂಡಿಗೆ ಬರಬೇಡಿ."

ಶಾಲಿನಿ ಒಪ್ಪಿದಳು. ಹೆಸರುಗಳನ್ನು ತೆಗೆದು ನಂಬರು ಹಾಕಿದಳು, ನಂಬರುಗಳನ್ನೂ ಕಲಸಿದಳು. ಅಷ್ಟು ಸಾಕು ಎಂದುಕೊಂಡಳು.

ಭಾನುವಾರ ಕೋಣೆ ತುಂಬಿತ್ತು. ಸೊಣ್ಣಮ್ಮ ಗಂಡನನ್ನು ಕರೆದುಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಹುಡುಗಿಯನ್ನು ಬೀದಿಗೆ ಕರೆತಂದವಳು ತಾನೇ ಎಂಬ ಹೆಮ್ಮೆ ಮುಖದಲ್ಲಿತ್ತು. ಶಾಲಿನಿ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಮೊದಲ ಚಿತ್ರ ಬಿಟ್ಟಳು, ದಿನಾ ಮಾತಾಡುವವರ ಚಿತ್ರ.

"ಇಪ್ಪತ್ನಾಲ್ಕು ಮನೆ ಇದ್ರೆ ಇನ್ನೂರಾ ಎಪ್ಪತ್ತಾರು ಜೋಡಿ ಆಗತ್ತೆ. ಅಷ್ಟೂ ಜೋಡಿ ಮಾತಾಡ್ತಿದ್ರೆ ಜಾಲ ಪೂರ್ತಿ ದಟ್ಟವಾಗಿದೆ ಅಂತ. ಇಲ್ಲಿ ಎರಡೂ ಕಡೆಯವರು ಹೌದು ಅಂದಿರೋ ಜೋಡಿ ನಲವತ್ತೊಂದು. ಅಂದ್ರೆ ನೂರಕ್ಕೆ ಹದಿನೈದು."

"ಅಷ್ಟು ಕಮ್ಮಿನಾ?" ಎಂದ ಶಶಿಧರ್.

ವಿಜಯಕುಮಾರ್ ಮುಂದಿನ ಸಾಲಿನಿಂದ ಎದ್ದು ಗೋಡೆಯ ಹತ್ತಿರ ಹೋದ. "ಈ ಹತ್ತನೇ ನಂಬರಿಂದ ಎಲ್ಲರಿಗೂ ಬಾಣ ಹೋಗಿದೆ. ಇದು ನಾನೇ ತಾನೆ? ಮತ್ತೆ ಇಷ್ಟು ಚಿಕ್ಕ ಚುಕ್ಕಿ ಯಾಕೆ?"

"ಅದು ಯಾರು ಅಂತ ನಾನು ಹೇಳಲ್ಲ ಸಾರ್. ಆ ಮನೆಯವರು ಎಲ್ಲರ ಹೆಸರೂ ಹೇಳಿದಾರೆ. ಹೋಗೋ ಬಾಣದ ಲೆಕ್ಕ ಬೇರೆ, ಬರೋ ಬಾಣದ ಲೆಕ್ಕ ಬೇರೆ. ಅವರ ಹೆಸರು ಹೇಳಿದ್ದು ಮೂರೇ ಮನೆ."

ಯಾರೋ ಕಿಸಕ್ಕೆಂದರು. "ಶುಭೋದಯ ಸಾರ್" ಎಂದು ಹಿಂದಿನಿಂದ ಇನ್ನೊಬ್ಬರು ಅಂದಾಗ ಇಡೀ ಕೋಣೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಸೊಣ್ಣಮ್ಮ. ವಿಜಯಕುಮಾರನ ಕಿವಿ ಕೆಂಪಾದವು. ಅವನು ತಿರುಗಿ ಅವಳನ್ನು ನೋಡಿದ, ಆಮೇಲೆ ಶಾಲಿನಿಯನ್ನು.

"ಇನ್ನೊಂದು ಚಿತ್ರ ಇದೆಯಲ್ಲ ಮೇಡಂ, ಕೆಂಪು ಗೆರೇದು. ಲ್ಯಾಪ್‌ಟಾಪಲ್ಲಿ ನೋಡ್ದೆ. ಅದನ್ನ ಹಾಕಿ."

"ಅದು ಬೇಡ ಸಾರ್. ಅದು ನನ್ನ ಥೀಸಿಸ್‌ಗೆ ಮಾತ್ರ."

"ನನ್ನ ವಿಷಯ ಎಲ್ಲರ ಮುಂದೆ ಬಂತಲ್ಲ? ಎಲ್ಲರದೂ ಬರಲಿ" ಎಂದವನೇ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನ ಗುಂಡಿ ಒತ್ತಿದ. ಶಾಲಿನಿ ಕೈ ಅಡ್ಡ ತರುವಷ್ಟರಲ್ಲಿ ಚಿತ್ರ ಗೋಡೆಯ ಮೇಲೆ ಬಿದ್ದಿತ್ತು. ಇಪ್ಪತ್ಮೂರು ಸಣ್ಣ ಚುಕ್ಕಿಗಳು, ನಡುವೆ ತಟ್ಟೆಯಷ್ಟು ದೊಡ್ಡ ಒಂದು ವೃತ್ತ. ಸುತ್ತಲಿಂದ ಕೆಂಪು ಬಾಣಗಳೆಲ್ಲ ಅದಕ್ಕೇ ಬಂದು ನೆಟ್ಟಿದ್ದವು. ನಂಬರು ಯಾವುದಾದರೇನು, ಯಾರಿಗೂ ಕೇಳಬೇಕಾಗಿರಲಿಲ್ಲ.

"ಮೂಲೆ ಮನೆ!" ಎಂದು ಶಶಿಧರ್ ಕೂಗಿದ. ಚಪ್ಪಾಳೆ ಕೂಡ ಬಿತ್ತು.

ಸೊಣ್ಣಮ್ಮ ಎದ್ದಳು. ರಾಮಯ್ಯ ಅವಳ ಸೆರಗು ಹಿಡಿದು ಎಳೆದ. ಕೊಡವಿಕೊಂಡು ಮುಂದೆ ಬಂದು ಗೋಡೆಯ ಎದುರು ನಿಂತು ತಿರುಗಿದಾಗ ಆ ಕೆಂಪು ಗೆರೆಗಳು ಅವಳ ಮುಖದ ಮೇಲೂ ಬಿದ್ದವು.

"ಇದು ನಾನಾ?" ಎಂದು ಶಾಲಿನಿಯನ್ನು ಕೇಳಿದಳು.

ಶಾಲಿನಿ ತಲೆ ತಗ್ಗಿಸಿದಳು.

"ನನ್ನಿಂದ ಆಚೆಗೆ ಒಂದು ಗೆರೆನೂ ಹೋಗಿಲ್ವಲ್ಲಮ್ಮ."

"ನೀವು ಯಾರ ಹೆಸರೂ ಹೇಳಿಲ್ಲ ಆಂಟಿ."

"ಅವ್ರೆಲ್ಲ ಹೇಳಿದ್ರಾ? ನಾನು ನಿನ್ನ ಕೈ ಹಿಡ್ಕೊಂಡು ಕರ್ಕೊಂಡೋಗಿ ಒಂದೊಂದು ಗೇಟೂ ತಗ್ಸಿದ್ನಲ್ಲ, ನಾನು ಬಿಸಿಲಲ್ಲಿ ನಿಂತಿರೋವಾಗ ಒಳಗಡೆ ಕೂತ್ಕೊಂಡು ಇದನ್ನ ಕೇಳ್ತಿದ್ಯಾ?"

ಸೊಣ್ಣಮ್ಮ ಕೋಣೆಯ ಕಡೆ ತಿರುಗಿದಳು. ಜನ ನಗು ನಿಲ್ಲಿಸಿ ಬೈಗುಳಕ್ಕಾಗಿ ಕಾದರು. ಬೈಗುಳ ಬರಲಿಲ್ಲ. ಅವಳು ಗಂಡನ ತೋಳು ಹಿಡಿದು ಎಬ್ಬಿಸಿ ಹೊರಗೆ ನಡೆದಳು.

ಮಾರನೆಯ ದಿನ ಶಾಲಿನಿ ಕ್ಷಮೆ ಕೇಳಲು ಮೂಲೆ ಮನೆಗೆ ಬಂದಳು. ಸೊಣ್ಣಮ್ಮ ಗೇಟಿನ ಚಿಲಕ ತೆಗೆಯಲಿಲ್ಲ.

"ಯಾಕೆ ಬಂದೆ? ಇನ್ನೂ ಬರ್ಕೊಳೋದು ಉಳ್ದೈತಾ?"

"ಆ ಚಿತ್ರ ನಾನು ತೋರಿಸ್ಬಾರ್ದು ಅಂತಾನೇ ಇದ್ದೆ ಆಂಟಿ. ಅವರು..."

"ತೋರ್ಸಿದ್ಯೋ ಇಲ್ವೋ! ನಿಮ್ಮ ಜನಾನ ಗೇಟಿನೊಳಕ್ಕೆ ಬಿಟ್ಕೊಂಡಿದ್ದೇ ನಂದು ತಪ್ಪು."

ಶಾಲಿನಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಅಲ್ಲೇ ಒಣಗಿದವು. ಅವಳು ಗೇಟಿನ ಸರಳು ಹಿಡಿದಳು.

"ನಮ್ಮ ಜನ ಅಂದ್ರೆ? ಹೇಳಿ, ಪೂರ್ತಿ ಹೇಳಿ."

ಸೊಣ್ಣಮ್ಮ ಗೇಟಿನಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

"ಪೇಪರ್ ಕಪ್ಪಲ್ಲಿ ಕಾಫಿ ಕೊಟ್ರಲ್ಲ, ಅವತ್ತೇ ಎದ್ದು ಹೋಗ್ಬೇಕಿತ್ತು ನಾನು. ಕೆಲಸ ಆಗ್ಬೇಕಲ್ಲ ಅಂತ ಕುಡ್ದೆ. ಕ್ಷಮಿಸಿ ಅನ್ನೋಕೆ ಬಂದಿದ್ದೆ ಇವತ್ತು. ಈಗ ಅನ್ನಲ್ಲ."

"ಅನ್ನಬೇಡ. ಹೋಗು."

"ಹೋಗ್ತೀನಿ. ಆ ಗೆರೆಗಳನ್ನ ನಾನು ಎಳೆದಿಲ್ಲ ಆಂಟಿ. ಎಳ್ಕೊಂಡಿದ್ದು ನೀವು."

ಆ ಮಾತು ಸೊಣ್ಣಮ್ಮನಿಗೆ ಎಲ್ಲಿ ತಾಕಿತೋ. ಅಂದಿನಿಂದ ಅವಳು ಬೀದಿಯಲ್ಲಿ ಬಾಯಿ ಬಿಡಲಿಲ್ಲ. ಬೆಳಿಗ್ಗೆ ರಂಗೋಲಿ ಹಾಕಿ ಒಳಗೆ ಹೋದರೆ ಮುಗಿಯಿತು. ಕಾರು ತೊಳೆದ ನೀರು ರಂಗೋಲಿಯನ್ನು ಅಳಿಸಿತು, ಅವಳು ಕಿಟಕಿಯಿಂದ ನೋಡಿದಳು. ನಾಯಿ ಕಂಬಕ್ಕೆ ಕಾಲೆತ್ತಿತು, ನೋಡಿದಳು. ರಾಮಯ್ಯನಿಗೆ ಮನೆಯ ಮೌನ ಅಭ್ಯಾಸವಿರಲಿಲ್ಲ. "ಒಂದಿಷ್ಟು ಬೈಯಾದ್ರೂ ಬೈಯೇ, ಯಾಕೋ ಊಟ ಸೇರಲ್ಲ" ಎಂದ. ಅವಳು ಮುದ್ದೆ ಬಡಿಸಿ ಅಡಿಗೆಮನೆಗೆ ಹೋದಳು. ಹೊರಗೆ ಬೀದಿಯವರು ಖುಷಿಯಾಗಿದ್ದರು. ಕೊನೆಗೂ ಶಾಂತಿ ಬಂತು ಎಂದು ವಿಜಯಕುಮಾರ್ ಎಲ್ಲರ ಫೋನಿಗೂ ಕೈ ಮುಗಿದ ಚಿತ್ರ ಕಳಿಸಿದ.

ಶಾಂತಿ ಬಾಳಿದ್ದು ಅವಳ ಗೇಟಿನ ಮುಂದಿನ ಜಾಗ ಖಾಲಿ ಇದೆ ಎಂದು ಜನರಿಗೆ ಹೊಳೆಯುವವರೆಗೆ. ಹಳೆಯ ಹುಣಸೆ ಮರದಿಂದಾಗಿ ಬೀದಿಯಲ್ಲಿ ನೆರಳಿದ್ದದ್ದು ಅಲ್ಲಿ ಮಾತ್ರ. ಮೊದಲು ಶಶಿಧರ್ ತನ್ನ ಕಾರು ತಂದು ನಿಲ್ಲಿಸಿದ. ಮರುದಿನ ಅವನು ಕೆಲಸದಿಂದ ಬರುವಷ್ಟರಲ್ಲಿ ಅಲ್ಲಿ ವಿಜಯಕುಮಾರನ ಕಾರಿತ್ತು.

"ಸಾರ್, ಅದು ನಾನು ನಿಲ್ಲಿಸ್ತಿದ್ದ ಜಾಗ."

"ನಿಮ್ಮ ಹೆಸರು ಬರೆದಿದೆಯೇನ್ರೀ ರೋಡ್ ಮೇಲೆ?"

"ಅಧ್ಯಕ್ಷರಾದ್ರೆ ರೋಡೂ ನಿಮ್ದೇನಾ?"

ವಾರವೊಂದು ಕಳೆಯುವುದರೊಳಗೆ ಶಶಿಧರನ ಕಾರಿನ ಕನ್ನಡಿ ಒಡೆದಿತ್ತು. ಯಾರು ಒಡೆದರೆಂದು ನೋಡಿದವರಿಲ್ಲ. ಅವನು ವಿಜಯಕುಮಾರನ ಮೇಲೆ ಸ್ಟೇಷನ್ನಿಗೆ ದೂರು ಕೊಟ್ಟ. ವಿಜಯಕುಮಾರ್ ಶಶಿಧರನ ನಾಯಿಯ ಮೇಲೆ ಪಾಲಿಕೆಗೆ ದೂರು ಕೊಟ್ಟ. ಆ ಕಡೆಯ ಮನೆಗಳು ಒಬ್ಬನ ಪರ, ಈ ಕಡೆಯವು ಇನ್ನೊಬ್ಬನ ಪರ ಆದವು. ಫೋನಿನಲ್ಲಿದ್ದ ಸಂಘದ ಗುಂಪು ಎರಡಾಯಿತು. ಗಣೇಶನನ್ನೂ ಆ ವರ್ಷ ಎರಡು ಕಡೆ ಕೂರಿಸಿದರು. ಮೈಕುಗಳು ಒಂದಕ್ಕೊಂದು ಮುಖ ಮಾಡಿ ಅರಚಿದವು.

ಎರಡನೆಯ ಸುತ್ತಿಗೆ ಶಾಲಿನಿ ಬಂದದ್ದು ಆಮೇಲೆ. ಈ ಸಲ ಜನ ಬೇಗ ಬಾಗಿಲು ತೆಗೆದರು, ಯಾರ ಜೊತೆ ಮಾತು ಬೇಡ ಎಂದು ಕೇಳುವ ಮೊದಲೇ ಹೇಳತೊಡಗಿದರು. ಮೂಲೆ ಮನೆಯನ್ನು ಅವಳು ದಾಟಿ ಹೋಗುತ್ತಿದ್ದಳು. ಒಂದು ಸಂಜೆ ಕಿಟಕಿಯಿಂದ ಕರೆ ಬಂತು.

"ಏಯ್, ನಿಲ್ಲು. ಹೊಸಾ ಚಿತ್ರ ಆಯ್ತಾ?"

"ಯಾರಿಗೂ ತೋರಿಸಲ್ಲ" ಎಂದಳು ಶಾಲಿನಿ ನಡೆಯುತ್ತಲೇ.

"ತೋರ್ಸು ಅಂದ್ನಾ ನಾನು? ಆ ಇಬ್ರೂ ಒಂದೇ ತಟ್ಟೇಲಿ ತಿಂತಿದ್ರು. ಈಗ ನಾಯಿ ಥರ ಕಚ್ಚಾಡ್ತಾವ್ರೆ. ನಿನ್ನ ಓದಲ್ಲಿ ಅದುಕ್ಕೇನಂತಾರೆ, ಅಷ್ಟು ಹೇಳಿ ಹೋಗು."

ಶಾಲಿನಿ ನಿಂತಳು. ಗೇಟಿನ ಹತ್ತಿರ ಬರಲಿಲ್ಲ. ರಸ್ತೆಯ ಆ ಬದಿಯಿಂದಲೇ ಪಾಠ ಒಪ್ಪಿಸುವವಳಂತೆ ಹೇಳಿದಳು. "ಮೂರು ಜನ ಇದಾರೆ ಅಂದ್ಕೊಳ್ಳಿ. ಇಬ್ಬರಿಗೆ ಮೂರನೆಯವರನ್ನ ಕಂಡ್ರೆ ಆಗಲ್ಲ. ಆಗ ಆ ಇಬ್ರು ಸ್ನೇಹಿತರಾಗ್ತಾರೆ. ತ್ರಿಕೋನ ಗಟ್ಟಿಯಾಗಿ ನಿಲ್ಲತ್ತೆ. ಮೂರನೆಯವರು ಎದ್ದು ಹೋದ್ರೆ ಅವರಿಬ್ಬರನ್ನ ಸೇರಿಸಿಟ್ಟಿದ್ದೇ ಹೋಯ್ತು. ಯಾವಾಗ್ಲೂ ಹಾಗೇ ಆಗತ್ತೆ ಅಂತಲ್ಲ. ಎಷ್ಟೋ ಕಡೆ ಆಗತ್ತೆ."

ಸೊಣ್ಣಮ್ಮ ಕಿಟಕಿಯ ಸರಳಿಗೆ ಹಣೆ ಹಚ್ಚಿ ಯೋಚಿಸಿದಳು.

"ಹಂಗಾದ್ರೆ ನಾನು ಬೈತಿದ್ದಿದ್ದಕ್ಕೇ ಅವ್ರು ಚೆನ್ನಾಗಿದ್ರು."

"ಬೈಯೋದು ಒಳ್ಳೇದು ಅಂತ ನಾನು ಹೇಳ್ಲಿಲ್ಲ."

"ನೀನೇನ್ ಹೇಳೋದು, ನನ್ ಕಣ್ಣಿಗೇ ಕಾಣ್ತೈತೆ" ಎಂದು ಕಿಟಕಿ ಮುಚ್ಚಿದಳು.

ಅದಾದ ಕೆಲವು ದಿನಗಳಿಗೆ, ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ, ರಾಮಯ್ಯ ಎದೆ ಹಿಡಿದುಕೊಂಡು ಕುಸಿದ. ಮೇಲಿನ ಬಾಡಿಗೆಯವರು ಆಂಬುಲೆನ್ಸ್‌ಗೆ ಫೋನು ಮಾಡಿದರು. ಅದು ಬಂದು ಬೀದಿಯ ಬಾಯಲ್ಲಿ ನಿಂತಿತು. ಮೂಲೆ ಮನೆಯ ಮುಂದೆ ಎರಡು ಕಾರುಗಳು ಮೂತಿಗೆ ಮೂತಿ ಕೊಟ್ಟು ರಸ್ತೆಗೆ ಅಡ್ಡವಾಗಿದ್ದವು. ಯಾರು ಮೊದಲು ತೆಗೆಯಬೇಕು ಎಂದು ವಿಜಯಕುಮಾರನೂ ಶಶಿಧರನೂ ಅಲ್ಲೇ ನಿಂತು ವಾದಿಸುತ್ತಿದ್ದರು. ಸೈರನ್ ಕೂಗುತ್ತಿದ್ದರೂ ಇಬ್ಬರೂ ಕೀಲಿ ತಿರುಗಿಸಲಿಲ್ಲ. ತಾನು ತೆಗೆದರೆ ಜಾಗ ಅವನದಾಗುತ್ತದೆ.

ಗೇಟು ತೆರೆದು ಸೊಣ್ಣಮ್ಮ ಹೊರಗೆ ಬಂದಳು. ಕೈಯಲ್ಲಿ ರಾಗಿ ಮುದ್ದೆ ತೊಳಸುವ ಕೋಲಿತ್ತು.

"ತಗೀರೋ! ನನ್ ಗಂಡ ಸಾಯ್ತಾವ್ನೆ ಒಳ್ಗೆ, ನಿಮ್ಮ ಜಾಗಕ್ಕೆ ಮಣ್ಣು ಹಾಕಾ! ತಗೀತೀರೋ, ಇಲ್ಲಾ ಗಾಜು ಪುಡಿ ಮಾಡ್ಲೋ?"

ಉತ್ತರಕ್ಕೆ ಕಾಯದೆ ಶಶಿಧರನ ಕಾರಿನ ಮುಂದಿನ ದೀಪಕ್ಕೆ ಒಂದು ಬಿಟ್ಟಳು. ಆಮೇಲೆ ವಿಜಯಕುಮಾರನ ಕಾರಿಗೂ ಒಂದು. ತಿಂಗಳುಗಟ್ಟಲೆ ಅದುಮಿಟ್ಟಿದ್ದೆಲ್ಲ ಒಮ್ಮೆಗೇ ಹೊರಬಿತ್ತು. ಇಬ್ಬರ ಅಪ್ಪ, ಅಜ್ಜ, ಕಾರು, ನಾಯಿ, ಶುಭೋದಯ ಯಾವುದನ್ನೂ ಅವಳು ಬಿಡಲಿಲ್ಲ. ಇಬ್ಬರೂ ಓಡಿಹೋಗಿ ಕಾರು ಹಿಂದಕ್ಕೆ ತೆಗೆದರು. ಸ್ಟ್ರೆಚರ್ ಹೊತ್ತವರು ಒಳಗೆ ಹೋದರು. ಸೊಣ್ಣಮ್ಮ ಬೈಯುತ್ತಲೇ ಆಂಬುಲೆನ್ಸ್ ಹತ್ತಿದಳು. ಬಾಗಿಲು ಮುಚ್ಚಿದ ಮೇಲೂ ಅವಳ ದನಿ ಕೇಳುತ್ತಿತ್ತು.

ಜೆ.ಪಿ. ನಗರದ ಆಸ್ಪತ್ರೆಯಲ್ಲಿ ರಾಮಯ್ಯನಿಗೆ ಸ್ಟೆಂಟ್ ಹಾಕಿದರು. ಅವನು ಉಳಿದ. ಗಂಡನನ್ನು ಮನೆಗೆ ಕರೆತಂದ ದಿನವೇ ಸೊಣ್ಣಮ್ಮ ಗಾರೆಯವನನ್ನು ಕರೆಸಿ ಗೇಟಿನ ಮುಂದಿನ ರಸ್ತೆಯಲ್ಲಿ ಮೂರು ಕಬ್ಬಿಣದ ಕಂಬ ನೆಡಿಸಿದಳು. ರಸ್ತೆ ಯಾರಪ್ಪನದೂ ಅಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅಂದು ಸಂಜೆ ಒಡೆದ ದೀಪದ ಎರಡು ಕಾರುಗಳ ಒಡೆಯರು ಬೀದಿಯ ನಡುವೆ ನಿಂತು ಕಂಬಗಳನ್ನು ನೋಡಿದರು.

"ಇದನ್ನ ಹೀಗೇ ಬಿಟ್ರೆ ನಾಳೆ ಇಡೀ ರೋಡಿಗೆ ಬೇಲಿ ಹಾಕ್ತಾಳೆ ರೀ" ಎಂದ ವಿಜಯಕುಮಾರ್.

"ಪಾಲಿಕೆಗೆ ಬರೀರಿ ಸಾರ್, ನಾನೂ ಸೈನ್ ಮಾಡ್ತೀನಿ" ಎಂದ ಶಶಿಧರ್.

ಸೊಣ್ಣಮ್ಮ ಕಿಟಕಿಯಲ್ಲಿದ್ದಳು. ಇಬ್ಬರೂ ಒಟ್ಟಿಗೆ ಒಂದೇ ಮನೆಯ ಒಳಗೆ ಹೋದದ್ದನ್ನು ನೋಡಿದಳು. "ಸೇರ್ಕೊಂಡ್ರು ನೋಡು, ಬೇವರ್ಸಿಗಳು" ಎಂದು ಗಂಡನಿಗೆ ಹೇಳಿದಳು. ಅದರಲ್ಲಿ ಸಂತೋಷವಿತ್ತೋ ಕಹಿಯಿತ್ತೋ ರಾಮಯ್ಯನಿಗೆ ತಿಳಿಯಲಿಲ್ಲ. ಪಾಲಿಕೆಯವರು ಬಂದು ಕಂಬ ಕಿತ್ತರು. ಅವರ ಜೊತೆಗೂ ಒಂದು ಬೆಳಗಿನ ಜಗಳವಾಯಿತು. ಗೇಟಿನ ಮುಂದೆ ಮಾತ್ರ ಮತ್ತೆ ಯಾರೂ ಕಾರು ನಿಲ್ಲಿಸಲಿಲ್ಲ.

ಎರಡು ವರ್ಷ ಕಳೆದ ಮೇಲೆ ಶಾಲಿನಿ ಒಮ್ಮೆ ಬಂದಳು. ಥೀಸಿಸ್ ಒಪ್ಪಿಸಿದ್ದಳು. ಈ ಬೀದಿಯ ಚಿತ್ರಗಳನ್ನು ಅದರಿಂದ ತೆಗೆದುಹಾಕಿದ್ದಳು. ನಂಬರು ಹಾಕಿದ ಮಾತ್ರಕ್ಕೆ ಇಷ್ಟು ಸಣ್ಣ ಬೀದಿಯಲ್ಲಿ ಯಾರ ಮುಖವೂ ಮುಚ್ಚುವುದಿಲ್ಲ ಎಂದು ಅವಳಿಗೇ ಗೊತ್ತಾಗಿತ್ತು. ಇಲ್ಲಿಯ ಎರಡೂ ಸುತ್ತಿನ ಕೆಲಸ ಕೈಬಿಟ್ಟು ಬೇರೆ ಕಡೆ ಹೊಸದಾಗಿ ಮಾಡಿದ್ದಳು. ಅದನ್ನು ಹೇಳಬೇಕಾದದ್ದು ತನ್ನ ಕರ್ತವ್ಯ ಎಂದು ಬಂದಿದ್ದಳೇ ಹೊರತು ಪ್ರೀತಿಯಿಂದಲ್ಲ.

ಸೊಣ್ಣಮ್ಮ ಗೇಟಿನ ಒಳಗೆ, ಅವಳು ಹೊರಗೆ.

"ನಿಮ್ಮ ಬೀದಿ ವಿಷಯ ಎಲ್ಲೂ ಬರಲ್ಲ ಆಂಟಿ. ಎಲ್ಲಾ ತೆಗೆದ್ಬಿಟ್ಟೆ."

ಸೊಣ್ಣಮ್ಮನ ಮುಖ ಗಂಟಿಕ್ಕಿತು.

"ತಗ್ದ್‌ಬಿಟ್ಯಾ? ಹಂಗಾದ್ರೆ ಅವತ್ತು ಅಷ್ಟು ಜನದ ಮುಂದೆ ನನ್ನ ಮರ್ವಾದೆ ಹೋಗಿದ್ದು ಯಾವ್ ಉಪಯೋಗಕ್ಕೆ?"

ಸೊಣ್ಣಮ್ಮ ಒಳಗೆ ಬಾ ಎನ್ನಲಿಲ್ಲ. ಕರೆದಿದ್ದರೂ ಶಾಲಿನಿ ಹೋಗುತ್ತಿರಲಿಲ್ಲ. ಅವಳು ಬಸ್ ಸ್ಟಾಪಿನ ಕಡೆ ತಿರುಗಿದಳು, ಸೊಣ್ಣಮ್ಮ ಚಿಲಕ ಹಾಕಿದಳು.